ಹೆಗಲಿಗೊಂದು ನೀರಿನ ಬಾಟಲಿ

ನಮ್ಮ ಮನೆಯ ತಲೆಬಾಗಿಲ ಹಿಂದೆ ಒಂದು ಮೊಳೆಯಿದೆ. ಆ ಮೊಳೆಗೆ ನನ್ನ ಸ್ಟೀಲಿನ ನೀರಿನ ಬಾಟಲಿ ತೂಗುತ್ತಿರುತ್ತದೆ. ಎಂದೋ ಬಿದ್ದು ಅದರ ಹೊಟ್ಟೆಯಲ್ಲೊಂದು ತಗ್ಗಾಗಿದೆ, ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ ಹರಿದುಹೋಗಿ ಆ ಜಾಗಕ್ಕೆ ಹಳೆಯ ಲಂಗದ ಲಾಡಿ ಬಂದಿದೆ. ಹೊಸಿಲು ದಾಟುವಾಗ ಚಪ್ಪಲಿಯನ್ನಾದರೂ ಮರೆತೇನು, ಅದನ್ನು ಮರೆಯುವವಳಲ್ಲ. ಓಣಿಯ ತುದಿಯಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ತರಲು ಹೊರಟರೂ ಹೆಗಲ ಮೇಲೆ ಅದು ಇರಲೇಬೇಕು. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ, "ಏನು, ಗಡಿ ಕಾಯಾಕ ಹೊಂಟ್ಯೇನು?" ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯೂ ಬಾಟಲಿಯಷ್ಟೇ ತಗ್ಗುಬಿದ್ದಿದೆ. ಇಬ್ಬರೂ ಅದನ್ನು ಬದಲಿಸುವ ಗೋಜಿಗೆ ಹೋಗಿಲ್ಲ.

ಈ ಚಟ ನನಗೆ ಹತ್ತಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರುಗಳು ಅಕ್ಕರೆಯಿಂದ ಧಾರೆಯೆರೆದ ವಿದ್ಯೆಯಲ್ಲಿ ಮುಕ್ಕಾಲು ಪಾಲು ಮದುವೆಯಾಗಿ ಬಂದ ಮೇಲೆ ಕೊಟ್ಟೂರಿನ ಬಿಸಿಲಿಗೆ ಆವಿಯಾಗಿ ಹೋಯಿತು. ಕ್ರೋಶಾ ಕಸೂತಿ ಹೋಯಿತು, ಪಿಯಾನೋದ ಮೂರೂವರೆ ಸ್ವರಗಳು ಹೋದವು. ಉಳಿದುಕೊಂಡದ್ದು ಎರಡೇ. ಒಂದು, ಕುದಿಸಿ ಆರಿಸಿದ ನೀರನ್ನು ಸದಾ ಜೊತೆಗೊಯ್ಯುವುದು. ಎರಡು, ಯಾರ ಮನೆಯಲ್ಲೇ ಆಗಲಿ ಕೊಟ್ಟದ್ದನ್ನು ಬೇಡವೆನ್ನದೆ ಎರಡು ಗುಟುಕು ಕುಡಿದು, ಆಸೆಬುರುಕಿ ಎನ್ನಿಸಿಕೊಳ್ಳದಂತೆ ಉಳಿದದ್ದನ್ನು ಬಿಟ್ಟು, ನಗುನಗುತ್ತ ಎದ್ದು ಬರುವುದು. ನೋಡಿದರೆ ಎರಡೂ ಎಷ್ಟು ನಿರುಪದ್ರವಿ ಸದ್ಗುಣಗಳು! ಅವೆರಡೂ ಕೂಡಿಕೊಂಡು ನಾಲ್ಕು ವರ್ಷದ ಒಂದು ಮಗುವಿನ ಹಲ್ಲು ತಿಂದದ್ದನ್ನು ನಿಮ್ಮೆದುರು ಒಪ್ಪಿಸಬೇಕಾಗಿದೆ.

ಮಗುವಿನ ಹೆಸರು ಸಿಂಚನಾ. ಅದರ ತಾಯಿ ರೇಣುಕಾ ನಮ್ಮ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು. ಗುಡೇಕೋಟೆ ಕಡೆಯಿಂದ ಸೊಸೆಯಾಗಿ ಬಂದವಳು. ನಸುಕಿನಿಂದ ಮಧ್ಯಾಹ್ನದವರೆಗೆ ಅವಳ ಒಲೆ ಆರುವುದಿಲ್ಲ. ಗಂಡ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ, ಅತ್ತೆ ಹುಲಿಗೆವ್ವನಿಗೆ ಮೊಣಕಾಲು ನೋವು. ಮಗು ಒಲೆಯ ಹತ್ತಿರ ಸುಳಿಯದಂತೆ ಕಟ್ಟೆಯ ಮೇಲೆ ಕೂರಿಸಲು ರೇಣುಕಾ ಕಂಡುಕೊಂಡ ಉಪಾಯವೆಂದರೆ ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ: ಒಳಗೆ ಕಿತ್ತಳೆಹಣ್ಣನ್ನು ಕನಸಿನಲ್ಲೂ ಕಾಣದ ಕಿತ್ತಳೆ ಬಣ್ಣದ ದ್ರವ. ಎಲ್ಲರೂ ಅದನ್ನು ಭಕ್ತಿಯಿಂದ ಜ್ಯೂಸ್ ಎನ್ನುತ್ತಾರೆ. ಅವಳನ್ನು ದೂರಲು ನನಗೆ ಬಾಯಿಲ್ಲ. ಬೆಂಕಿಗೂ ಮಗುವಿಗೂ ನಡುವೆ ಅಡ್ಡ ನಿಲ್ಲಲು ಅವಳ ಬಳಿ ಇದ್ದದ್ದು ಆ ಬಾಟಲಿಯೊಂದೇ.

ಹಲ್ಲು ಕಪ್ಪಾದವು. ಮಗು ಅತ್ತೂ ಅತ್ತೂ ಸೊರಗಿದ ಮೇಲೆ ಹಗರಿಬೊಮ್ಮನಹಳ್ಳಿಯ ಹಲ್ಲಿನ ಡಾಕ್ಟರಲ್ಲಿಗೆ ಕರೆದೊಯ್ದರು. ಅವರು ಮುಂದಿನ ಎರಡು ಹಲ್ಲು ಕಿತ್ತು, ಪಕ್ಕದ ಎರಡನ್ನು ಸದ್ಯಕ್ಕೆ ಬಿಟ್ಟು, ಈ ಸಿಹಿನೀರು ನಿಂತರೆ ಇವು ಉಳಿದಾವು, ನಿಲ್ಲದಿದ್ದರೆ ಇವೂ ಹೋದವು, ಇವುಗಳ ಹಿಂದೆ ದವಡೆಯವೂ ಹೋಗುತ್ತವೆ ಎಂದು ಹೇಳಿ ಕಳಿಸಿದರು. ಊರಿಗೆಲ್ಲ ರೊಟ್ಟಿ ಬಡಿದು ಕೊಡುವ ಮನೆಯಲ್ಲಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಬಾಯಿಗಿಡಬೇಕಾದ ಮಗು. ರೇಣುಕಾ ರೊಟ್ಟಿಯ ಬುಟ್ಟಿ ಇಳಿಸಿ ನಮ್ಮ ಮೆಟ್ಟಿಲ ಮೇಲೆ ಕುಳಿತು ಹೇಳಿದಳು: "ಅಮ್ಮಾರ, ನೀವು ಓದಿದೋರು. ಒಂದೀಟು ಮನಿಗೆ ಬಂದು ನಮ್ಮತ್ತಿಗೆ ತಿಳಿಸಿ ಹೇಳ್ರಿ. ನಾ ಹೇಳಿದ್ರ ನೀನೇನು ಡಾಕ್ಟರೇನ ಅಂತಾಳ."

ಜೀವನದಲ್ಲಿ ಯಾರೂ ನನ್ನನ್ನು ಇಂಥ ಘನಕಾರ್ಯಕ್ಕೆ ಕರೆದಿರಲಿಲ್ಲ. ಸೋಮವಾರ ಮತ್ತು ಗುರುವಾರ, ಒಲೆ ಆರಿದ ಮೇಲೆ ಮೂರು ಗಂಟೆಗೆ, ಎಂದು ನಾನೇ ವೇಳಾಪಟ್ಟಿ ಹಾಕಿಕೊಂಡೆ. ಮೊದಲ ದಿನ ಜ್ಯೂಸ್ ಬಾಟಲಿಯ ಮೈಮೇಲಿನ ಇರುವೆಸಾಲಿನಂಥ ಅಕ್ಷರಗಳನ್ನು ಕನ್ನಡಕವೇರಿಸಿ ಓದಿ, ಒಳಗಿರುವಷ್ಟು ಸಕ್ಕರೆಯನ್ನು ಚಮಚ ಚಮಚವಾಗಿ ಒಂದು ಗಾಜಿನ ಲೋಟಕ್ಕೆ ಸುರಿಯುತ್ತ ಹೋದೆ. ಲೋಟದಲ್ಲಿ ಸಕ್ಕರೆ ಏರಿದಂತೆಲ್ಲ ನನ್ನ ಧ್ವನಿಯೂ ಗಂಭೀರವಾಗುತ್ತ ಏರಿತು. ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಹುಲಿಗೆವ್ವ ಅದನ್ನು ನೋಡಿ ನೋಡಿ ಕೊನೆಗೆ ತೀರ್ಪು ಕೊಟ್ಟಳು: "ಇಷ್ಟು ಸಕ್ಕರಿ ಹಾಕ್ತಾರಂದ್ರ ಕಂಪನಿಯೋರು ಜಿಪುಣರಲ್ಲ ಬಿಡವ್ವ."

ಪ್ರಾತ್ಯಕ್ಷಿಕೆ ಮುಗಿದ ಮೇಲೆ ರೇಣುಕಾ ಆ ಸಕ್ಕರೆಯನ್ನು ಹಾಳುಮಾಡಲಾಗದೆ ಅದರಲ್ಲೇ ಚಹ ಕಾಸಿದಳು. ಚಹ ಅವರಿಬ್ಬರಿಗೆ. ನನ್ನ ಮುಂದೆ ಒಂದು ತಟ್ಟೆ ಬಂತು, ತಟ್ಟೆಯ ನಡುವೆ ಅದೇ ಕಿತ್ತಳೆ ಬಣ್ಣದ ಬಾಟಲಿ. ರೇಣುಕಾ ಅದನ್ನು ನನ್ನ ಕಣ್ಣೆದುರಿಗೇ ಹಿಡಿದು ಮುಚ್ಚಳ ತಿರುವಿದಳು, ಟಕ್ ಎಂದು ಸದ್ದಾಯಿತು. ಬೇಡವೆನ್ನುವುದು ಹೇಗೆ? ಕಾನ್ವೆಂಟಿನ ಪಾಠದಂತೆ ಎರಡು ಗುಟುಕು ಕುಡಿದೆ, ಉಳಿದದ್ದನ್ನು ಮರ್ಯಾದೆಯಿಂದ ಬಿಟ್ಟೆ. ಆಮೇಲೆ ಮಗುವಿಗೆ ಮೇಲ್ಪಂಕ್ತಿಯಾಗಲೆಂದು ಹೆಗಲ ಬಾಟಲಿ ಬಿಚ್ಚಿ, ನನ್ನ ಮನೆಯ ನೀರನ್ನು ಅಮೃತದಂತೆ ಗಟಗಟ ಕುಡಿದು, "ಆಹಾ, ನೀರಂದ್ರೆ ನೀರು" ಎಂದೆ. ಮಗು ನನ್ನನ್ನು ನೋಡಲಿಲ್ಲ. ಅದು ತಟ್ಟೆಯನ್ನು ನೋಡುತ್ತಿತ್ತು.

ಹೀಗೆ ಎರಡು ತಿಂಗಳು ನಡೆಯಿತು. ಪ್ರತಿ ಸಲವೂ ಉಪದೇಶ, ಪ್ರತಿ ಸಲವೂ ತಟ್ಟೆ, ಟಕ್ ಎಂಬ ಸದ್ದು, ಎರಡು ಗುಟುಕು, ಆಹಾ. "ಈಗ ತರೋದು ಬಿಟ್ಟೀವ್ರಿ ಅಮ್ಮಾರ, ಅಂಗಡಿ ಕಡೀಗೆ ಹಾಯಂಗೂ ಇಲ್ಲ" ಎಂದು ರೇಣುಕಾ ಹೇಳಿದ ದಿನ ನಾನು ಮನೆಗೆ ನಡೆದು ಬರಲಿಲ್ಲ, ತೇಲಿ ಬಂದೆ. ಹಿಂದಿನ ಓಣಿಯೊಂದೇ ಏಕೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳನ್ನೂ ಮನಸ್ಸಿನಲ್ಲೇ ಗೆದ್ದುಕೊಂಡು, ತಾಲ್ಲೂಕಿಗೊಂದು ಗಾಜಿನ ಲೋಟ, ಒಂದು ಚಮಚ ಎಂದು ದಿಗ್ವಿಜಯದ ಸಾಮಗ್ರಿಯನ್ನೂ ಎಣಿಸಿಕೊಂಡೆ. ರಾತ್ರಿ ಊಟದ ಹೊತ್ತಿನಲ್ಲಿ ಇದನ್ನೆಲ್ಲ ವರ್ಣಿಸಿದಾಗ ಯಜಮಾನರು ಸಾರು ಬಡಿಸಿಕೊಳ್ಳುತ್ತ, "ಗಡಿ ಉಳೀತು ಹಂಗಾರ" ಎಂದರು.

ಗಡಿ ಉಳಿದಿರಲಿಲ್ಲ. ಒಂದು ಶನಿವಾರ ಮನೆಗೆ ದಿಢೀರೆಂದು ನೆಂಟರು ಬಂದಿದ್ದರಿಂದ ರೊಟ್ಟಿಗೆಂದು ನಾನೇ ಹೋದೆ. ಕಟ್ಟೆಯ ಮೇಲಿದ್ದ ಸಿಂಚನಾ ನನ್ನನ್ನು ಕಂಡದ್ದೇ ಒಳಗೆ ಓಡಿತು. "ಯಮ್ಮಾ, ಜ್ಯೂಸ್ ಅಮ್ಮಾರು ಬಂದ್ರು." ಮರುಕ್ಷಣ ತನ್ನ ಪುಟ್ಟ ಸ್ಟೀಲು ಲೋಟ ಹಿಡಿದು ಬಂದು, ನಾನು ಎಂದೂ ಕೂರುವ ಜಾಗದ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು, ಬಾಯಿ ತೆರೆದು ನಕ್ಕಿತು. ಉಳಿದಿದ್ದ ಎರಡರಲ್ಲಿ ಒಂದು ಹಲ್ಲು ಬುಡದವರೆಗೆ ಕಂದಿತ್ತು.

ರೇಣುಕಾ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ನಾವು ತರೋದು ಬಿಟ್ಟೀವ್ರಿ, ಆ ತಾಯಿ ಆಣಿಗೂ ಬಿಟ್ಟೀವಿ. ನೀವು ಬಂದಾಗ ಅಷ್ಟ ತರ್ಸೋದು. ನೀವು ಎರಡ ಗುಟುಕು ಕುಡಿದು ಬಿಡ್ತೀರಿ, ಉಳಿದದ್ದು ಆಕಿ ಪಾಲು. ಚೆಲ್ಲಾಕ ಮನಸು ಬರ್ತತೇನ್ರಿ?"

"ನನಗೆ ನೀರು ಕೊಟ್ಟಿದ್ರೆ ಸಾಕಾಗಿತ್ತಲ್ಲ ರೇಣುಕಾ" ಎಂದೆ.

ಓಣಿಯಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುವ ಏಕೈಕ ವ್ಯಕ್ತಿಯಾದ ಹುಲಿಗೆವ್ವ ಮೂಲೆಯಿಂದ ಹೇಳಿದಳು: "ನೀರು ಹೆಂಗ ಕೊಡಾನವ್ವ? ನಿನ್ನ ನೀರು ನೀನು ಹೆಗಲಿಗೆ ಹಾಕ್ಕೊಂಡ ಬರ್ತಿ. ರೊಟ್ಟಿ ಬೆಂಕಿ ಮ್ಯಾಲ ಬೆಂದಿರ್ತತಿ, ರೊಕ್ಕ ಕೊಟ್ಟು ಒಯ್ತಿ, ನೀರಿನ ಮಾತ ಬ್ಯಾರೆ. ನಮ್ಮ ಕೊಡದ ನೀರು ನಿನಗ ನಡಿಯಂಗಿಲ್ಲ ಅಂತ ನಾವ ತಿಳ್ಕೊಂಡ್ವಿ. ಸೀಲಿನ ಬಾಟ್ಲಿ ಆದ್ರ ಯಾರ ಕೈಯೂ ಮುಟ್ಟಿರಂಗಿಲ್ಲ ನೋಡು." ಅದರಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಇವತ್ತು ಬಿಸಿಲು ಜಾಸ್ತಿ ಎನ್ನುವಂತೆ ಹೇಳಿ ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದಳು.

ಸಣ್ಣಪುಟ್ಟ ಸಂಗತಿಗಳು ನನ್ನ ಕಣ್ಣು ತಪ್ಪುವುದಿಲ್ಲವೆಂದು ನಾನು ಬೀಗುವವಳು. ಮುಚ್ಚಳವನ್ನು ನನ್ನೆದುರಿಗೇ ತಿರುವುತ್ತಿದ್ದುದನ್ನು ನೋಡಿದ್ದೆ, ಚಹ ಅವರಿಗೆ ಮಾತ್ರ ಬಂದದ್ದನ್ನು ನೋಡಿದ್ದೆ. ವಿಶೇಷ ಉಪಚಾರವೆಂದು ಬಗೆದು ಒಳಗೊಳಗೇ ಹಿಗ್ಗಿದ್ದೆ. ತಂಬ್ರಹಳ್ಳಿಯಲ್ಲಿ ನನ್ನ ಅಜ್ಜಿ ಬಂದವರಿಗೆಲ್ಲ ಬೆಲ್ಲದ ಚೂರು, ತಂಬಿಗೆ ನೀರು ಕೊಡುತ್ತಿದ್ದಳು. ಆದರೆ ಹೊಲದಿಂದ ಬರುವ ಕೆಲವರು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕುಳಿತು ಬೊಗಸೆಯೊಡ್ಡುತ್ತಿದ್ದರು, ಅಜ್ಜಿ ಮೊಳದೆತ್ತರದಿಂದ ಧಾರೆಯಾಗಿ ನೀರು ಸುರಿಯುತ್ತಿದ್ದಳು. ಅದೊಂದು ಆಟವೆಂದುಕೊಂಡು, ನನಗೂ ಹಾಗೇ ಹಾಕೆಂದು ಬೊಗಸೆಯೊಡ್ಡಿ ಹಟ ಮಾಡಿದ್ದೇನೆ. ಆ ಎತ್ತರದ ಅಳತೆ ಹುಲಿಗೆವ್ವನಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಆರೋಗ್ಯವೆಂದುಕೊಂಡು ಹೆಗಲಿಗೇರಿಸಿದ್ದು ಅವಳ ಕಣ್ಣಿಗೆ ಅಜ್ಜಿಯ ತಂಬಿಗೆಯಾಗಿ ಕಂಡಿದ್ದರೆ ಅದರಲ್ಲಿ ಅವಳ ತಪ್ಪೇನು?

ಸೋಮವಾರ ಬಾಟಲಿಯನ್ನು ಮೊಳೆಯ ಮೇಲೇ ಬಿಟ್ಟು ಹೋದೆ. ಹೆಗಲು ಬೋಳುಬೋಳೆನ್ನಿಸುತ್ತಿತ್ತು. ಕೂತವಳೇ, "ಬಾಯಾರಿದೆ ರೇಣುಕಾ, ನಿಮ್ಮ ಕೊಡದ ನೀರು ಕೊಡು" ಎಂದೆ. ಅವಳು ಅತ್ತೆಯ ಮುಖ ನೋಡಿದಳು, ಲೋಟವನ್ನು ಮೂರು ಸಲ ತೊಳೆದಳು, ತುಂಬಿಸಿ ತಂದಳು. ಬೋರಿನ ಸವುಳು ನೀರು. ಒಂದು ಲೋಟ ಮುಗಿಸಿ ಇನ್ನೊಂದು ಕೇಳಿ ಕುಡಿದೆ. ಸಿಂಚನಾಗೂ ಅದರಲ್ಲೇ ಒಂದು ಗುಟುಕು ಕುಡಿಸಿದೆ. ಅದು ಮುಖ ಸಿಂಡರಿಸಿದರೂ ನುಂಗಿತು. ಇಷ್ಟೇ ಅಲ್ಲವೇ, ಇಷ್ಟು ಸುಲಭವಲ್ಲವೇ ಎಂದುಕೊಂಡೆ. ತಲೆಯೆತ್ತಿ ನೋಡಿದರೆ ರೇಣುಕಾ ಅಲ್ಲಿರಲಿಲ್ಲ.

ಅವಳು ಏದುಸಿರು ಬಿಡುತ್ತ ಅಂಗಡಿಯಿಂದ ಬಂದಳು. ಕಣ್ಣಂಚು ಒದ್ದೆ, ಸೆರಗಿನ ಮರೆಯಲ್ಲಿ ಬಾಟಲಿ. "ನಮ್ಮನಿ ನೀರು ಕುಡಿದ್ರಲ್ರಿ ಅಮ್ಮಾರ. ಇವತ್ತ ನಿಮ್ಮನ್ನ ಹಂಗ ಕಳಿಸಾಕ ಆಗಂಗಿಲ್ಲ. ಬಾಯಿ ಸಿಹಿ ಮಾಡ್ಕೊಂಡ ಹೋಗ್ರಿ."

ಟಕ್ ಎಂದಿತು. ಸಿಂಚನಾ ಲೋಟ ತಂದಿತು.

ಓದುಗರೇ, ಆ ಕ್ಷಣದಲ್ಲಿ ನೀವೇನು ಮಾಡುತ್ತಿದ್ದಿರೋ ಕಾಣೆ. ಬೇಡವೆಂದರೆ ಕುಡಿದ ಎರಡು ಲೋಟ ನೀರೂ ಸುಳ್ಳಾಗುತ್ತಿತ್ತು. ಎರಡು ಗುಟುಕಿಗೆ ನಿಲ್ಲಿಸಿದರೆ ಉಳಿದದ್ದು ಎಲ್ಲಿಗೆ ಹೋಗುತ್ತದೆಂದು ಈಗ ಗೊತ್ತಿತ್ತು. ಸಕ್ಕರೆ ಕಾಯಿಲೆಯ ಹೊಸಿಲಲ್ಲಿ ನಿಂತಿದ್ದೀರಿ ಎಂದು ಡಾಕ್ಟರಿಂದ ಎಚ್ಚರಿಕೆ ಪಡೆದ ನಾನು, ಸಿಸ್ಟರುಗಳ ಕ್ಷಮೆ ಕೋರಿ, ಆ ಬಾಟಲಿಯನ್ನು ಎತ್ತಿ ಕೊನೆಯ ಹನಿಯವರೆಗೂ ಕುಡಿದೆ. ನನ್ನ ಒಂದೊಂದು ಗುಟುಕಿಗೂ ಎದುರಿಗಿದ್ದ ಮಗುವಿನ ಗಂಟಲು ತಾನೂ ನುಂಗುತ್ತಿತ್ತು. ಮುಗಿದಾಗ ಅದು ಅಳಲಿಲ್ಲ. ತನ್ನ ಲೋಟವನ್ನು ಬೋರಲು ಮಾಡಿ, ಏನೂ ಬೀಳದ್ದನ್ನು ನೋಡಿ, ಮತ್ತೆ ನೆಟ್ಟಗಿಟ್ಟು ಕಾಯತೊಡಗಿತು.

ರೇಣುಕಾಳ ಮುಖ ಹೂವಿನಂತೆ ಅರಳಿತ್ತು. "ನಿಮಗ ಇಷ್ಟು ಸೇರ್ತತಿ ಅಂತ ಗೊತ್ತ ಇರ್ಲಿಲ್ಲ ನೋಡ್ರಿ. ಮುಂದಿನ ಸಲ ದೊಡ್ಡ ಬಾಟ್ಲಿ ತರ್ಸಿಡ್ತೀನಿ."

ಆಮೇಲೆ ನಾನು ಹೋಗಿಲ್ಲ. ಹೋದರೆ ದೊಡ್ಡ ಬಾಟಲಿ ಬರುತ್ತದೆ. ಹೋಗದಿದ್ದರೆ, ಇಷ್ಟು ದಿನ ಮಾತಿಗೆ ತಪ್ಪದ ರೇಣುಕಾ ಅದನ್ನು ತರುವುದಿಲ್ಲ. ಆ ಮಗುವಿಗೆ ನನ್ನಿಂದಾಗುವ ಸಹಾಯವೆಂದರೆ ಅದರ ಮನೆಗೆ ಕಾಲಿಡದಿರುವುದು. ಇದನ್ನು ರೇಣುಕಾಳಿಗೆ ಬಿಡಿಸಿ ಹೇಳುವ ಮಾತು ನನ್ನ ಯಾವ ಭಾಷೆಯಲ್ಲೂ ಸಿಕ್ಕಿಲ್ಲ. ಮೊನ್ನೆ ರೊಟ್ಟಿ ಕೊಡಲು ಬಂದವಳು ಬುಟ್ಟಿಯನ್ನು ಮೆಟ್ಟಿಲ ಕೆಳಗೇ ಇಟ್ಟು, ನಿಂತುಕೊಂಡೇ ಕೇಳಿದಳು: "ಅಮ್ಮಾರ, ಆವತ್ತಿನ ನೀರು ಮೈಗೆ ಹತ್ತಲಿಲ್ಲೇನ್ರಿ?" ಹಾಗೇನಿಲ್ಲ, ಚೆನ್ನಾಗೇ ಇದ್ದೇನೆ ಎಂದೆ. ನಂಬಿದಂತೆ ಕಾಣಲಿಲ್ಲ. ಗುರುವಾರ ಮಗುವಿನ ಆ ಕಂದಿದ ಹಲ್ಲನ್ನೂ ಕೀಳಿಸಲು ಹೋಗುತ್ತಾರಂತೆ.

ಇವತ್ತು ಗುರುವಾರ. ಬೆಳಗ್ಗೆ ಎದ್ದು ರೂಢಿಯಂತೆ ನೀರು ಕುದಿಸಿ, ಆರಿಸಿ, ಬಾಟಲಿ ತುಂಬಿ ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದೇನೆ. ಮೂರು ಗಂಟೆಯಾದರೂ ಅದು ಅಲ್ಲೇ ಇದೆ, ತಗ್ಗಿನ ಮಗ್ಗುಲನ್ನು ಗೋಡೆಗೆ ಒತ್ತಿಕೊಂಡು. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ ಬಾಟಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು.