ಟೇಪು ತಾನಾಗಿ ಹಾಳಾಗಲಿಲ್ಲ

ಹಮಾದಾ ಅವರ ಟೇಪನ್ನು ಹಾಳುಮಾಡಿದವಳು ನಾನು. ಹಳೆಯದಾಗಿ ತಾನೇ ಕೆಟ್ಟುಹೋಯಿತು ಎಂದು ಎಂಟು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು.

ನಾವು ಹೊರದೇಶಕ್ಕೆ ಬಂದು ನೆಲೆಸಿದ ಊರು ಪಿಕರಿಂಗ್‌ನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಒಂದು ಕಾಲಕ್ಕೆ ಟೋಕಿಯೊದಲ್ಲಿ, ಟಿವಿಯ ಸೂಪರ್‌ಹೀರೋ ಧಾರಾವಾಹಿಗಳಲ್ಲಿ ವೇಷದೊಳಗಿದ್ದು ಹೊಡೆದಾಡುತ್ತಿದ್ದವರು. ರಟ್ಟಿನ ಊರುಗಳ ನಡುವೆ ರಬ್ಬರ್ ರಾಕ್ಷಸರೊಡನೆ ಸೆಣಸುವ ಹೆಲ್ಮೆಟ್ಟಿನ ವೀರ—ಅದು ಅವರು. ಆ ಹೊಡೆದಾಟಗಳನ್ನು ಹೊರದೇಶದವರು ಕೊಂಡು, ಮುಖ ಕಾಣುವ ದೃಶ್ಯಗಳಿಗೆ ತಮ್ಮ ನಟರನ್ನು ಹಾಕಿ ತೋರಿಸಿದರು. ಮೈಸೂರಿನಲ್ಲಿ ಚಿಕ್ಕವಳಿದ್ದಾಗ ಶಾಲೆಯಿಂದ ಬಂದು, ಟಿವಿ ಮುಂದೆ ಅದೇ ಭಂಗಿಯಲ್ಲಿ ನಿಲ್ಲುತ್ತಿದ್ದವಳು ನಾನು. ಅದು ಜಪಾನಿನದೆಂದೂ ಗೊತ್ತಿರಲಿಲ್ಲ.

"ಎಷ್ಟೋ ದೇಶದ ಮಕ್ಕಳು ನನ್ನ ಒದೆ ನೋಡಿದ್ದಾರೆ. ಮುಖ ಯಾರೂ ನೋಡಿಲ್ಲ" ಎಂದು ಅವರು ನಗುತ್ತಿದ್ದರು.

ಮುಖ ಇದ್ದದ್ದು ಒಂದೇ ಟೇಪಿನಲ್ಲಿ, ಸೆಟ್ಟಿನಲ್ಲಿ ಗೆಳೆಯನೊಬ್ಬ ತೆಗೆದದ್ದು. ಮಗಳು ಎಮಿಗೆ ತೋರಿಸಬೇಕು, ಕಂಪ್ಯೂಟರಿಗೆ ಹಾಕಿಕೊಡು ಎಂದು ನನಗೆ ಕೊಟ್ಟರು—ನಾನು ಎಂಜಿನಿಯರ್ ಅಲ್ಲವೇ. ಆ ಟೇಪು ಓಡಿಸುವ ಹಳೆಯ ಕ್ಯಾಮ್‌ಕಾರ್ಡರ್ ಕ್ಯಾಮೆರಾ ಹುಡುಕಿ ತಂದು ಬೇಸ್‌ಮೆಂಟಿನಲ್ಲಿ ಕುಳಿತೆ. ಪ್ಲೇ ಒತ್ತುವ ಬದಲು ರೆಕಾರ್ಡ್ ಒತ್ತಿ, ಆಫೀಸಿನ ಫೋನು ಬಂತೆಂದು ಮೇಲೆ ಹೋದೆ. ಮರಳಿ ಬಂದಾಗ ಟೇಪಿನ ತುಂಬ ನಮ್ಮ ಬೇಸ್‌ಮೆಂಟಿನ ಗೋಡೆ.

ಅಲ್ಲಿಯವರೆಗೆ ಅದು ಕೈತಪ್ಪು. ಆಮೇಲೆ ಮಾಡಿದ್ದು ಹಾಗಲ್ಲ—ತಪ್ಪು ಗೊತ್ತಾಗದಿರಲೆಂದು ರೀಲನ್ನು ಹೊರಗೆಳೆದು, ಬೆರಳಿನಿಂದ ಮುದುಡಿ, ಹರಿದೆ. ಹಳೇ ಟೇಪು, ಓಡಲೇ ಇಲ್ಲ, ಮೆಷಿನ್ನಿನಲ್ಲಿ ಸಿಕ್ಕಿಕೊಂಡಿತು ಎಂದೆ. ಅವರು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ತೊಂದರೆ ಕೊಟ್ಟೆನೆಂದು ಬಾಗಿ ಕ್ಷಮೆ ಕೇಳಿದರು. ನನ್ನಲ್ಲಿ! ಮುಂದಿನ ಚಳಿಗಾಲ ತೀರಿಕೊಂಡರು.

ಈ ಏಪ್ರಿಲ್‌ನಲ್ಲಿ ಲೈಬ್ರರಿಯಲ್ಲಿ ಒಂದು ಉಪನ್ಯಾಸವಿತ್ತು. ಆ ಧಾರಾವಾಹಿಗಳು ಹೊರದೇಶಗಳ ಟಿವಿಯನ್ನು, ಮಕ್ಕಳ ಆಟಗಳನ್ನು ಹೇಗೆ ಬದಲಿಸಿದವು ಎಂದು ಸಂಶೋಧಕಿಯೊಬ್ಬಳು ಮಾತಾಡಿದಳು. ವೇಷದೊಳಗಿದ್ದವರ ಚಿತ್ರ ಸಿಗುವುದೇ ಕಷ್ಟ ಎಂದಳು. ಎಮಿ ಎದ್ದು ನಿಂತಳು. ಅಪ್ಪನದೊಂದು ಟೇಪ್ ಇತ್ತು, ಹಳೆಯದಾಗಿ ಹಾಳಾಯಿತು ಎಂದಳು. ಪಕ್ಕದಲ್ಲಿದ್ದ ನನ್ನ ಭುಜ ಮುಟ್ಟಿ—"ಉಳಿಸೋಕೆ ಇವರು ತುಂಬ ಪ್ರಯತ್ನಪಟ್ಟರು." ಜನ ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ.

"ಬಿಡೇ, ಈಗ್ ಹೇಳಿ ಏನ್ ಯೂಸು? ಆ ಹುಡ್ಗಿಗೂ ಸುಮ್ನೆ ಹರ್ಟ್ ಆಗತ್ತೆ" ಎಂದರು.

ದಣಿದಿದ್ದೆ, ಹೂಂ ಅಂದುಬಿಡೋಣ ಅನ್ನಿಸಿತು. ಆದರೆ ಒಂದು ಮಾತು ಗಂಡನಿಗೂ ಹೇಳಿರಲಿಲ್ಲ. ಆ ದಿನ ಕೈತಪ್ಪುವ ಮೊದಲು, ಟೇಪು ಓಡುತ್ತದೆಯೇ ಎಂದು ಎರಡು ನಿಮಿಷ ಹಾಕಿ ನೋಡಿ, ಮತ್ತೆ ಮೊದಲಿಗೆ ಸುತ್ತಿದ್ದೆ. ಹಮಾದಾ ಹೆಲ್ಮೆಟ್ ತೆಗೆಯುತ್ತಾರೆ. ಕೂದಲು ಹಣೆಗೆ ಅಂಟಿದೆ, ಮೂಗಿನ ಮೇಲೆ ಒತ್ತಿದ ಗುರುತು. ಯಾರೋ ನೀರು ಕೊಡುತ್ತಾರೆ. ಅರ್ಧ ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡು ಕ್ಯಾಮೆರಾ ಕಡೆ ನಗುತ್ತಾರೆ—ಎಮಿಯದೂ ಅದೇ ನಗು. ಟೇಪು ಓಡಲೇ ಇಲ್ಲ ಎಂದ ಮೇಲೆ, ಕಂಡದ್ದನ್ನು ಹೇಳುವ ಹಾಗಿರಲಿಲ್ಲ. ಅದನ್ನೂ ಅವಳಿಂದ ಮುಚ್ಚಿಟ್ಟೆ.

ಶನಿವಾರ ಬೆಳಗ್ಗೆ ಅವಳ ಮನೆಗೆ ಹೋಗುತ್ತೇನೆ. ಮೊದಲು ನಾನು ಮಾಡಿದ್ದನ್ನು ಹೇಳುತ್ತೇನೆ. ಅದಾದ ಮೇಲೂ ಒಳಗೆ ಕೂರಿಸಿದರೆ, ಅವಳ ತಂದೆ ನೀರು ಕುಡಿದದ್ದನ್ನು.