ಸರ್ಕಾರದ ಮೇಲೆ ಕೂರಿಸಿದ ಗೂಬೆ

ನಾನು ಒಂದು ಸರ್ಕಾರವನ್ನು ಬೀಳಿಸಿದ್ದೇನೆ. ನಾನೊಬ್ಬನೇ ಅಲ್ಲ, ಆದರೆ ಒಂದು ವೋಟಿನಷ್ಟು ಪಾಲು ಖಂಡಿತ ನನ್ನದು. ಅದೂ ನನ್ನ ವೋಟಲ್ಲ, ಹೆಂಡತಿ ಸಾವಿತ್ರಿಯದು. ಎಪ್ಪತ್ತು ದಾಟಿದ ಮೇಲೆ ಇಂಥದ್ದನ್ನು ಎದೆಯಲ್ಲಿ ಇಟ್ಟುಕೊಂಡು ತಿರುಗಬಾರದು. ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಪರ್ತ್‌ನ ಒಂದು ಗೋದಾಮಿನಲ್ಲಿ ಇಪ್ಪತ್ತೈದು ವರ್ಷ ನಟ್ಟು ಬೋಲ್ಟುಗಳನ್ನು ನೋಡಿಕೊಂಡು ನಿವೃತ್ತನಾದವನು. ಅರ್ಥಶಾಸ್ತ್ರಕ್ಕೂ ನನಗೂ ಇದ್ದ ನಂಟು ಪೇಪರು ಓದುವಷ್ಟು ಮಾತ್ರ. ಆದರೆ ಎರಡು ಸಾವಿರದ ಹನ್ನೊಂದರ ಪರ್ತ್ ಎಂದರೆ ಸಾಮಾನ್ಯವೇ? ಥಾರ್ನ್ಲಿಯ ನಮ್ಮ ಬೀದಿಯಲ್ಲೇ ಅರ್ಧ ಜನ ಗಣಿಗೆ ಹೋಗಿ ಬರುವವರು. ಎರಡು ವಾರ ಕೆಂಪು ಧೂಳು, ಒಂದು ವಾರ ಮನೆ. ಕನ್ನಡದವರು ಸೇರಿದ ಊಟದಲ್ಲಿ ಚಿತ್ರಾನ್ನದ ಹಿಂದೆಯೇ ಕಬ್ಬಿಣದ ಅದಿರಿನ ಬೆಲೆಯನ್ನೂ ಬಡಿಸುತ್ತಿದ್ದರು. ಅಂಥ ಊರಿನಲ್ಲಿ ಗಣಿ ಶೇರು ಕೊಳ್ಳದೆ ಕೂತರೆ, ಮದುವೆ ಮನೆಗೆ ಹೋಗಿ ಉಣ್ಣದೆ ಎದ್ದು ಬಂದ ಹಾಗೆ.

ನಾನೂ ಕೊಂಡೆ. ಹಣ ಮಾತ್ರ ಸಾವಿತ್ರಿಯದು. ಊರವರ ಪರದೆ, ರವಿಕೆ ಹೊಲಿದು ಅವಳು ಕೂಡಿಟ್ಟದ್ದು. ಗ್ಯಾರೇಜಿಗೆ ಒಂದು ಕಿಟಕಿ ಇಡಿಸಿ, ಹೊಲಿಗೆ ಕೋಣೆ ಮಾಡಿಕೊಳ್ಳಬೇಕೆಂಬುದು ಅವಳ ಆಸೆ. "ಒಂದ್ವರ್ಷ ತಡಿ, ಕೋಣೆಗೆ ಏಸೀನೂ ಹಾಕಿಸ್ಬಿಡೋಣ" ಎಂದು ಇಸಿದುಕೊಂಡೆ. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೂ ಈಗ ಅದು ಇಲ್ಲ. ಅದರ ಆಸ್ತಿಯೆಂದರೆ ಮರಳುಗಾಡಿನಲ್ಲಿ ನಾಲ್ಕು ತೂತು ಮತ್ತು ಬಣ್ಣದ ಒಂದು ಪುಸ್ತಿಕೆ. ಪುಸ್ತಿಕೆ ಬಹಳ ಚೆನ್ನಾಗಿತ್ತು.

ಶೇರು ಇಳಿಯಿತು. 'ಇಳಿಯಿತು' ಎನ್ನುವುದು ಮರ್ಯಾದೆಯ ಮಾತು. ಹಗ್ಗ ಕಟ್ಟದೆ ಬಾವಿಗೆ ಬಿಟ್ಟ ಕೊಡಪಾನದ ಹಾಗೆ ಹೋಯಿತು.

ಒಂದು ಸಂಜೆ ಸಾವಿತ್ರಿ, "ಏನ್ರೀ, ನನ್ನ ಕೋಣೆ ಎಲ್ಲಿಗ್ ಬಂತು?" ಎಂದಳು. ಟೀವಿಯಲ್ಲಿ ಯಾರೋ ಹೊಸ ಗಣಿ ತೆರಿಗೆಯನ್ನು ಬೈಯುತ್ತಿದ್ದರು. ನನಗಾಗಿಯೇ ದೇವರು ಕಳಿಸಿದಂತಿತ್ತು. "ನೋಡು, ಸರ್ಕಾರ ಗಣಿ ಮೇಲೆ ಟ್ಯಾಕ್ಸ್ ಹಾಕ್ಬಿಟ್ಟಿದೆ. ಶೇರು ಎದ್ದೇಳ್ತಾನೇ ಇಲ್ಲ. ನಾನೇನ್ ಮಾಡ್ಲಿ?"

"ಅಯ್ಯೋ ಇವ್ರ! ಒಂದು ಹೊಲಿಗೆ ಕೋಣೇನೂ ಬಿಡಲ್ವಾ?"

ಸರ್ಕಾರ ಎಷ್ಟು ಅನುಕೂಲದ ವಸ್ತು ಎಂದು ನನಗೆ ಅಂದು ತಿಳಿಯಿತು. ಯಾವ ಗೂಬೆ ತಂದು ಕೂರಿಸಿದರೂ ಮೈ ಕೊಡವುವುದಿಲ್ಲ. ಆ ವರ್ಷಗಳಲ್ಲಿ ಬಡ್ಡಿ ದರ ಇಳಿಯುತ್ತಲೇ ಇತ್ತು. ರಿಸರ್ವ್ ಬ್ಯಾಂಕಿನವರು ಆಗ ತಿಂಗಳ ಮೊದಲ ಮಂಗಳವಾರ ಕೂತು ದರ ತೀರ್ಮಾನಿಸುತ್ತಿದ್ದರು. ನಮ್ಮವರು ಮಂಗಳವಾರ ಹೊಸ ಪೊರಕೆಯನ್ನೂ ಕೊಳ್ಳುವುದಿಲ್ಲ, ಅದು ಬೇರೆ ಮಾತು. ದರ ಇಳಿದ ದಿನ ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನಿಂದ ಮಗಳ ಫೋನು: "ಅಪ್ಪಾ, ಮನೆ ಸಾಲದ ಕಂತು ಕಮ್ಮಿಯಾಯ್ತು!" ಅದನ್ನು ಇಡುವಷ್ಟರಲ್ಲಿ ಅಡಿಲೇಡ್‌ನ ಸ್ಯಾಲಿಸ್‌ಬರಿಯಿಂದ ಗೆಳೆಯ ಗುಂಡಣ್ಣನ ಫೋನು: "ಹಾಳಾಗ್ ಹೋದೆ ಕಣಯ್ಯಾ. ಡೆಪಾಸಿಟ್ ಬಡ್ಡಿ ಕಾಫಿ ಪುಡಿಗೂ ಸಾಲ್ದು." ಮಗಳಿಗೆ ಸರ್ಕಾರ ಜಾಣ, ಗುಂಡಣ್ಣನಿಗೆ ಸರ್ಕಾರ ಕಟುಕ. ಇಬ್ಬರಿಗೂ "ಹೌದು ಹೌದು" ಎಂದೆ. ಆದರೂ ಒಂದು ಒಪ್ಪಬೇಕು. ಅವರಿಬ್ಬರ ಮಾತಿನಲ್ಲಿ ನಿಜವಿತ್ತು. ನನ್ನದು ಶುದ್ಧ ಸುಳ್ಳು.

ಚುನಾವಣೆ ಬಂತು. ಈ ದೇಶದಲ್ಲಿ ವೋಟು ಹಾಕದಿದ್ದರೆ ದಂಡ. ಸಾವಿತ್ರಿಗೆ ದಂಡದ ಹೆದರಿಕೆಯೇ ಬೇಕಾಗಲಿಲ್ಲ. ಶಾಪಿಂಗ್ ಸೆಂಟರಿನ ಬಾಗಿಲಲ್ಲಿ ಆಳುವ ಪಕ್ಷದ ಅಭ್ಯರ್ಥಿ ನಗುನಗುತ್ತಾ ಕರಪತ್ರ ನೀಡಿದ. ಸಾವಿತ್ರಿ ಅದನ್ನು ಹಿಂದಕ್ಕೆ ಕೊಟ್ಟು, ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, "ಯೂ ಟುಕ್ ಮೈ ರೂಮ್!" ಎಂದಳು. ಆತ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ನಾನು ಬಾಳೆಹಣ್ಣಿನ ರೇಟು ಓದತೊಡಗಿದೆ. ಆತ ಸೋತ. ಸರ್ಕಾರವೂ ಹೋಯಿತು.

ಹೊಸ ಸರ್ಕಾರ ಬಂದು ಮಾರನೆಯ ವರ್ಷ ಗಣಿ ತೆರಿಗೆಯನ್ನೇ ತೆಗೆದುಹಾಕಿತು. ದೇಶಕ್ಕೆ ಏನಾಯಿತೋ ತಿಳಿಯದು, ನನ್ನ ನೆಪ ಮಾತ್ರ ನಿರ್ಗತಿಕವಾಯಿತು. ಸಾವಿತ್ರಿ ಅಂದೇ ಕೇಸರಿಬಾತು ಮಾಡಿ, ಪಕ್ಕದ ಮನೆಯ ಪ್ರಸಾದನನ್ನು ಕರೆದಳು. ಮೈಸೂರಿನ ಹುಡುಗ, ಗಣಿಯಲ್ಲಿ ಭೂವಿಜ್ಞಾನಿ.

"ಟ್ಯಾಕ್ಸ್ ಹೋಯ್ತಲ್ಲಪ್ಪಾ, ಇನ್ನು ನಮ್ಮ ಶೇರು ಏರತ್ತಲ್ವಾ?"

ಪ್ರಸಾದ ಇನ್ನೊಂದು ಚಮಚ ಬಾಯಿಗಿಟ್ಟು, "ಆಂಟಿ, ಆ ಟ್ಯಾಕ್ಸ್ ಇದ್ದಿದ್ದು ಕೋಟಿಗಟ್ಟಲೆ ಲಾಭ ಮಾಡೋರಿಗೆ. ಅಂಕಲ್ ಕಂಪನಿ ಲಾಭದ ಮುಖಾನೇ ನೋಡಿಲ್ವಲ್ಲ!" ಎಂದು ನಕ್ಕ. ಸಾವಿತ್ರಿ ನಗಲಿಲ್ಲ. ನನ್ನ ಕಡೆ ತಿರುಗಿದಳು. ಅವಳ ತಟ್ಟೆಯಲ್ಲಿ ಕೇಸರಿಬಾತು ಹಾಗೆಯೇ ಇತ್ತು.

ಪ್ರಸಾದ ಹೋದ ಮೇಲೆ ಎಲ್ಲ ಹೇಳಿದೆ. ತೂತು, ಪುಸ್ತಿಕೆ, ಟೀವಿ. ಅವಳು ಅತ್ತಳು, ಆದರೆ ಹಣಕ್ಕಲ್ಲ.

"ದುಡ್ಡು ಹೋಗ್ಲಿ ಬಿಡಿ. ನಿಮ್ಮ ಮಾತು ನಂಬಿ ಆ ಮನುಷ್ಯನ ಮುಖಕ್ಕೇ ಬೈದೆನಲ್ರೀ! ಇನ್ಮೇಲೆ ನೀವು ಮಳೆ ಬರ್ತಿದೆ ಅಂದ್ರೂ ನಾನು ಹೊರಗ್ ಬಂದು ನೋಡ್ಬೇಕಾ?"

ಆ ಮಾತು ಚುಚ್ಚಿದಷ್ಟು ಶೇರು ಚುಚ್ಚಿರಲಿಲ್ಲ.

ಕೆಲವು ವಾರಗಳ ಮೇಲೆ ಅದೇ ಶಾಪಿಂಗ್ ಸೆಂಟರಿನಲ್ಲಿ ಆ ಸೋತ ಅಭ್ಯರ್ಥಿ ತಳ್ಳುಗಾಡಿ ತಳ್ಳುತ್ತಾ ಎದುರಾದ. "ಅಗೋ ಅವ್ರೇ. ಹೋಗಿ, ಹೇಳಿ" ಎಂದು ಸಾವಿತ್ರಿ ನನ್ನನ್ನು ಮುಂದಕ್ಕೆ ನೂಕಿದಳು. ಹಾಲು ಮೊಸರಿನ ಕಪಾಟಿನ ಮುಂದೆ ನಿಂತು ನನ್ನ ಪಾಪವನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಆತ ಪೂರ್ತಿ ಕೇಳಿ, ಜೋರಾಗಿ ನಕ್ಕ. ಮತದಾರನೊಬ್ಬ ತನ್ನ ಹತ್ತಿರ ಕ್ಷಮೆ ಕೇಳಿದ್ದು ಇದೇ ಮೊದಲಂತೆ. ತಾನು ಯಾರ ರೂಮು ಕಿತ್ತುಕೊಂಡೆ ಎಂದು ಇವತ್ತಿನವರೆಗೂ ಯೋಚಿಸುತ್ತಿದ್ದನಂತೆ. ಸಾವಿತ್ರಿಯ ಕೈ ಕುಲುಕಿ, "ಈಗ ರೂಮು ಆಯ್ತಾ?" ಎಂದು ಕೇಳಿದ. ಅವಳು ನನ್ನ ಕಡೆ ಬೆರಳು ತೋರಿಸಿದಳು.

ಮತ್ತೇನು, ಆ ಬೇಸಿಗೆಯೆಲ್ಲ ಗ್ಯಾರೇಜಿನಲ್ಲಿ ನಾನೇ ಗರಗಸ ಹಿಡಿದೆ. ನಟ್ಟು ಬೋಲ್ಟು ಕಂಡವನೇ ಹೊರತು ಮರಗೆಲಸ ಕಲಿತವನಲ್ಲ. ಕಿಟಕಿ ಬಲಕ್ಕೆ ವಾಲಿದೆ. ರವಿಕೆ ಅಳತೆ ಕೊಡಲು ಬಂದ ಹೆಂಗಸರು, "ಇದ್ಯಾಕೆ ಆಂಟಿ ಸೊಟ್ಟಗಿದೆ?" ಎಂದು ಕೇಳುತ್ತಾರೆ. ಸಾವಿತ್ರಿ ಮೆಷಿನ್ನಿನಿಂದ ತಲೆ ಎತ್ತದೆ, "ಏನ್ ಮಾಡೋದಮ್ಮಾ, ಗಣಿ ಟ್ಯಾಕ್ಸು" ಎನ್ನುತ್ತಾಳೆ.

ನಾನು ಎದ್ದು ಎಲ್ಲರಿಗೂ ಕಾಫಿ ಮಾಡಲು ಹೋಗುತ್ತೇನೆ.