ಕಾರಣ ಸಿಗದ ಒತ್ತಡ

2004ರಲ್ಲಿ ನಾನು ಹಾಸನದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಬಯೋಕೆಮಿಸ್ಟ್ ಆಗಿದ್ದೆ. ರಕ್ತ, ಮೂತ್ರ, ಅಪರೂಪಕ್ಕೊಮ್ಮೆ ಬೆನ್ನುಹುರಿಯ ದ್ರವ ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ.

ಆ ಬೇಸಿಗೆಯಲ್ಲಿ ಚನ್ನರಾಯಪಟ್ಟಣದಿಂದ ಸುಜಾತಾ ಎಂಬ ಮೂವತ್ತರ ಹೆಂಗಸು ಅತ್ತೆಯೊಂದಿಗೆ ಬಂದರು. ಬ್ಲೌಸ್ ಹೊಲಿದು ಸಂಸಾರ ನಡೆಸುತ್ತಿದ್ದವರು. ತಿಂಗಳುಗಳಿಂದ ತಲೆನೋವು, ಬಗ್ಗಿ ಎದ್ದರೆ ಕಣ್ಣಿಗೆ ಕ್ಷಣಕಾಲ ಕತ್ತಲೆ ಕವಿಯುತ್ತಿತ್ತು. ಬೇರೆಡೆ ಮಾಡಿಸಿದ್ದ ಸ್ಕ್ಯಾನ್‌ನಲ್ಲಿ ಗೆಡ್ಡೆ ಕಂಡಿರಲಿಲ್ಲ.

"ಏನೂ ಇಲ್ಲಾಂತ ಬರ್ದವ್ರೆ ಸಾ. ಮಿಸನ್ ಮುಂದೆ ಕೂರಾಕಾಗ್ದೆ ಇಂಗಾಡ್ತಾಳೆ ಇವ್ಳು," ಎಂದರು ಅತ್ತೆ.

ನಮ್ಮ ಕಣ್ಣಿನ ಡಾಕ್ಟರು ನೋಡಿದಾಗ ಎರಡೂ ಕಣ್ಣಿನ ನರಗಳು ಊದಿಕೊಂಡಿದ್ದವು. ಬೆನ್ನಿಗೆ ಸೂಜಿ ಹಾಕಿ ದ್ರವದ ಒತ್ತಡ ಅಳೆದರು: ಅಳತೆಯ ಕೊಳವೆಯಲ್ಲಿ ದ್ರವ ಮೂವತ್ತೆಂಟು ಸೆಂಟಿಮೀಟರ್ ಏರಿತು. ಇಪ್ಪತ್ತೈದು ದಾಟಿದರೇ ಹೆಚ್ಚು. ನನ್ನ ಬಳಿ ಬಂದ ದ್ರವ ನೀರಿನಂತೆ ತಿಳಿಯಾಗಿತ್ತು. ಪ್ರೋಟೀನ್, ಸಕ್ಕರೆ, ಜೀವಕೋಶ ಎಲ್ಲವೂ ಸರಿ. ಮಿದುಳಿನ ಸುತ್ತ ಇರುವುದೂ ಇದೇ ದ್ರವ; ತಲೆಬುರುಡೆಯೊಳಗೆ ಒತ್ತಡ ಏರಿದೆ, ಏಕೆಂದು ತಿಳಿಯದು. ಈ ಕಾಯಿಲೆಯೇ ಹಾಗೆ.

ಮಾತ್ರೆ ಶುರುವಾಯಿತು. ಆದರೆ ಬೆನ್ನಿಗೆ ಚುಚ್ಚದೆಯೇ ಕಾಯಿಲೆ ಗುರುತಿಸುವ, ಯಾರ ದೃಷ್ಟಿ ಉಳಿಯುತ್ತದೆ, ಯಾರದು ಹೋಗುತ್ತದೆ ಎಂದು ಮೊದಲೇ ಹೇಳುವ ರಕ್ತಪರೀಕ್ಷೆ ಇರಲಿಲ್ಲ. ಅಂಥ ಬಯೋಮಾರ್ಕರ್, ಅಂದರೆ ಕಾಯಿಲೆಯ ಗುರುತು ಕೊಡುವ ವಸ್ತುವನ್ನು, ಬೆಂಗಳೂರಿನ ತಂಡವೊಂದು ಹುಡುಕುತ್ತಿತ್ತು. ಸುಜಾತಾ ಒಪ್ಪಿದ ಮೇಲೆ, ಉಳಿದ ದ್ರವವನ್ನೂ ರಕ್ತವನ್ನೂ ಐಸ್‌ನಲ್ಲಿಟ್ಟು ಕಳಿಸಿದೆ. ನಮ್ಮ ಸಾಮಾನ್ಯ ಪರೀಕ್ಷೆಯಲ್ಲಿ ಕಾಣದ ಒಂದು ಪ್ರೋಟೀನ್ ಹೆಚ್ಚಾಗಿದೆಯೆಂದು ಅಲ್ಲಿಂದ ಫೋನ್ ಬಂತು. ಅದನ್ನು ಸುಜಾತಾಗೂ ಹೇಳಿದೆ. ಆಮೇಲೆ ಬಂದಾಗಲೆಲ್ಲ, "ಗೊತ್ತಾಯ್ತಾ ಸಾ?" ಎಂದು ಕೇಳುತ್ತಿದ್ದರು.

ಮಳೆಗಾಲ ಮುಗಿಯುವಷ್ಟರಲ್ಲಿ ಅವರ ಬಲಗಣ್ಣು ಮಂಜಾಯಿತು. ದ್ರವ ಹೊಟ್ಟೆಗೆ ಹರಿದುಹೋಗುವಂತೆ ಬೆಂಗಳೂರಿನಲ್ಲಿ ಸಣ್ಣ ಕೊಳವೆ ಹಾಕಿದರು. ಎಡಗಣ್ಣು ಉಳಿಯಿತು. ಬಲಗಣ್ಣು ಹೋಯಿತು. ಅದೇ ವಾರ ಮತ್ತೆ ಫೋನ್: ಆ ಪ್ರೋಟೀನ್ ಕಾಯಿಲೆ ಇಲ್ಲದವರಲ್ಲೂ ಅಷ್ಟೇ ಇದೆ, ಅದು ಗುರುತಲ್ಲ. ಫೋನ್ ಇಟ್ಟು ಸ್ಯಾಂಪಲ್‌ಗಳಿಗೆ ನಂಬರ್ ಹಾಕತೊಡಗಿದೆ. ದುಃಖವೂ ಆಗಲಿಲ್ಲ.

ಸುಜಾತಾ ಬಂದಾಗ ವಿಷಯ ತಿಳಿಸಿದೆ.

"ಅಂಗಾದ್ರೆ ಇನ್ನೊಬ್ರು ಬಂದ್ರೂ ಬೆನ್ಗೇ ಚುಚ್ಬೇಕಾ ಸಾ?"

"ಹೌದಮ್ಮ."

"ಬೇಗ ಚುಚ್ಬುಡಿ. ಕಾಯಿಸ್ಬ್ಯಾಡಿ."

ಪಕ್ಕದಲ್ಲಿ ಅತ್ತೆ ನೆಲ ನೋಡುತ್ತ ಕೂತಿದ್ದರು.

ಮರುವರ್ಷ ಅರಕಲಗೂಡಿನ ಮೇಷ್ಟ್ರೊಬ್ಬರ ಹೆಂಡತಿ ರಕ್ತಪರೀಕ್ಷೆಗೆ ಬಂದವರು ಅದೇ ಲಕ್ಷಣ ಹೇಳಿದರು. ರಕ್ತ ತೆಗೆಯುವ ಮೊದಲೇ ಅವರನ್ನು ಕಣ್ಣಿನ ವಿಭಾಗಕ್ಕೆ ನಾನೇ ಕರೆದೊಯ್ದೆ. ಅಂದೇ ಬೆನ್ನಿಗೆ ಚುಚ್ಚಿ ಒತ್ತಡ ಅಳೆದು ಮಾತ್ರೆ ಶುರುಮಾಡಿದರು; ಅವರ ಎರಡೂ ಕಣ್ಣು ಉಳಿದವು. ಕಾರಣ ಮಾತ್ರ ಸಿಗಲಿಲ್ಲ. ಕಾರಣದ ಹುಡುಕಾಟ ವರ್ಷಗಟ್ಟಲೆ ಕಾದೀತು, ಕಣ್ಣಿನ ನರ ಕಾಯುವುದಿಲ್ಲ. ಆ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು.